ಕೊಪ್ಪ ತಂಡದ ಮುಯ್ಯಾಳು

ಮೂರೇ ತಂಡಗಳ ಲೀಗಿನಲ್ಲಿ ಮೂರನೇ ಸ್ಥಾನ ಬಂದರೆ ಅದಕ್ಕೆ ಏನೆನ್ನಬೇಕು? ನಮ್ಮ ಮಾಲೀಕರಾದ ಮಹೇಶ್ವರ ಭಟ್ಟರು ಮೊದಲೆರಡು ವರ್ಷ ದುರದೃಷ್ಟ ಎಂದರು. ಮೂರನೇ ವರ್ಷವೂ ಕೊನೆಯಲ್ಲೇ ಉಳಿದಾಗ 'ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ' ಎಂದರು. ಆ ಮಾತು ಅವರಿಗೇ ಎಷ್ಟು ಹಿಡಿಸಿತೆಂದರೆ, ಬಸ್ ಸ್ಟ್ಯಾಂಡಿನ ಎದುರು ಅದನ್ನೇ ಬರೆಸಿ ಫ್ಲೆಕ್ಸ್ ಹಾಕಿಸಿದರು. ಫ್ಲೆಕ್ಸಿನಲ್ಲಿ ಅವರ ಮುಖ ದೊಡ್ಡದಾಗಿತ್ತು, ತಂಡ ಕಾಲ ಬಳಿ ಸಾಲಾಗಿ ಕೂತಿತ್ತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲ್ಲೂಕಿಗೂ ಒಂದೊಂದು ವಾಲಿಬಾಲ್ ತಂಡ. ತಂಡಕ್ಕೊಬ್ಬ ಮಾಲೀಕ, ಆಡಿದವರಿಗೆ ಸಂಭಾವನೆ, ಭಾನುವಾರ ಮಧ್ಯಾಹ್ನ ಪಂದ್ಯ. ನಾನು ಹಿರೇಕೊಡಿಗೆಯ ಧರ್ಮಪ್ಪ. ವಾರವೆಲ್ಲ ತೋಟದ ಕೂಲಿ, ಭಾನುವಾರ ಕೊಪ್ಪ ತಂಡದ ನಾಯಕ. ಆಡುವ ಜಾಗ ಲಿಫ್ಟರ್‌ನದು, ಅಂದರೆ ನೆಟ್ಟಿನ ಪಕ್ಕ ನಿಂತು ಹೊಡೆಯುವವರಿಗೆ ಚೆಂಡು ಎತ್ತಿಕೊಡುವುದು. ಹೊಡೆದವನಿಗೆ ಶಿಳ್ಳೆ, ಚಪ್ಪಾಳೆ. ಲಿಫ್ಟರ್ ಅಡುಗೆಯವನಿದ್ದ ಹಾಗೆ, ಉಪ್ಪು ಕಡಿಮೆಯಾದಾಗ ಮಾತ್ರ ಜನಕ್ಕೆ ನೆನಪಾಗುತ್ತಾನೆ. ಹದಿನಾರು ವರ್ಷದಿಂದ ಊರಿಗಾಗಿ ಆ ಜಾಗದಲ್ಲಿ ನಿಂತಿದ್ದೆ. ಅದು ನನ್ನದೇ ಎಂದುಕೊಂಡಿದ್ದೆ.

ಮಳೆಗಾಲ ಮುಗಿದ ಮೇಲೆ ಭಟ್ಟರು ಕರೆಸಿದರು.

"ನಿಂಗೆ ಮೂವತ್ತೆಂಟಾಯ್ತು ಮಾರಾಯ. ಹೊಸದಾಗಿ ಕಟ್ಟೋದು ಅಂದ್ರೆ ಹೊಸಬರನ್ನ ಹಾಕ್ಬೇಕಲ್ಲ. ದೇವರಾಜನ್ನ ತಯಾರು ಮಾಡು. ಈ ಸಲ ಅವನೇ ಲಿಫ್ಟರ್."

"ನಾನು ಭಟ್ರೇ?"

"ನೀನು ಹೊರಗೆ ಕೂತು ಹೇಳ್ಕೊಡು."

ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ಆದರೆ ಅವರ ಮಾತಿನಲ್ಲಿ ನ್ಯಾಯವಿತ್ತು. ಇನ್ನೊಂದು ವರ್ಷ ಆಡಿದರೆ ನನ್ನ ಮಂಡಿಯೇ ರಾಜೀನಾಮೆ ಕೊಡುತ್ತಿತ್ತು. ತಂಡ ನಿಜವಾಗಿಯೂ ಎದ್ದು ನಿಲ್ಲುವುದಾದರೆ ನನ್ನ ಜಾಗ ಹೋದರೂ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ದೇವರಾಜ ಹಾರ್ಡ್‌ವೇರ್ ಅಂಗಡಿಯ ಪಿಕಪ್ ಓಡಿಸುವವನು, ಇಪ್ಪತ್ತೆರಡು ವರ್ಷ, ಮಾತು ಕಡಿಮೆ. ಎರಡು ತಿಂಗಳು ದಿನಾ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದ. ನನ್ನ ಬೆರಳಿನಲ್ಲಿ ಏನೇನಿತ್ತೋ ಎಲ್ಲವನ್ನೂ ಅವನಿಗೆ ದಾಟಿಸಲು ನೋಡಿದೆ. ಬೈದೆ, ಓಡಿಸಿದೆ, ಒಂದೇ ಚೆಂಡನ್ನು ನೂರು ಸಲ ಎತ್ತಿಸಿದೆ. ಅವನು ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ.

ಲೀಗ್ ಶುರುವಾಗಲು ಒಂದು ವಾರ ಇದೆ ಎನ್ನುವಾಗ ಭಟ್ಟರು ಮತ್ತೆ ಕರೆಸಿದರು. ಈ ಸಲ ಕುಡಿಯಲು ಕಾಫಿಯೂ ಬಂತು. ಕಾಫಿ ಬಂದರೆ ಏನೋ ಇದೆ ಎಂದೇ ಅರ್ಥ.

"ಮೊದಲ ಪಂದ್ಯ ಶೃಂಗೇರಿ ಮೇಲೆ," ಎಂದರು. ಶೃಂಗೇರಿ ತಂಡದ ಮಾಲೀಕರು ಅವರ ಅಕ್ಕನ ಗಂಡ. "ಮೂರು ವರ್ಷದಿಂದ ಹಬ್ಬಕ್ಕೆ ಹೋದಾಗೆಲ್ಲ ಬಾವ ಎಲೆ ಮುಂದೆ ಕೂರಿಸಿ ಸ್ಕೋರ್ ಹೇಳ್ತಾರೆ. ಪಾಯಸ ಇಳಿಯಲ್ಲ ಮಾರಾಯ. ಅದಕ್ಕೆ ಎನ್.ಆರ್.ಪುರ ತಂಡದ ಮಾಲೀಕ ಸುಂದರೇಶನ ಹತ್ರ ಮಾತಾಡಿದೀನಿ. ಅವನ ಯಜ್ಞೇಶನ್ನ ಈ ಸೀಸನ್‌ಗೆ ನಮಗೆ ಬಿಡ್ತಾನೆ."

ಯಜ್ಞೇಶ ಎಂದರೆ ಮೂರು ತಾಲ್ಲೂಕಿಗೇ ಎತ್ತರದ ಹೊಡೆತಗಾರ.

"ಸುಮ್ನೆ ಬಿಡ್ತಾರಾ?"

"ಮುಯ್ಯಾಳು ಅಂದ್ಕ. ಬದ್ಲಿಗೆ ಒಬ್ಬ ಲಿಫ್ಟರ್ ಕಳಿಸ್ತೀನಿ ಅಂದಿದೀನಿ. ಶನಿವಾರ ದೇವರಾಜನ್ನ ಬಸ್ ಹತ್ತಿಸು. ಇಲ್ಲಿ ನೀನೇ ಆಡು."

"ಮತ್ತೆ ಹೊಸದಾಗಿ ಕಟ್ಟೋದು?"

"ಅದೆಲ್ಲಿಗೆ ಹೋಗುತ್ತೆ. ಮುಂದಿನ ವರ್ಷ ಕಟ್ಟನ."

ಮೆಟ್ಟಿಲು ಇಳಿಯುವಾಗ ನನಗೆ ಸಂತೋಷವೇ ಆಯಿತು. ನನ್ನ ಜಾಗ ನನಗೆ ಸಿಕ್ಕಿತ್ತು. ಗೇಟಿನವರೆಗೂ ಆ ಸಂತೋಷವಿತ್ತು, ರಸ್ತೆಗೆ ಬರುವಾಗ ನಾಚಿಕೆಯಾಯಿತು. ನರಸಿಂಹರಾಜಪುರದಲ್ಲಿ ರಂಗಪ್ಪ ಎಂಬ ಒಳ್ಳೆಯ ಲಿಫ್ಟರ್ ಆಗಲೇ ಇದ್ದಾನೆ. ದೇವರಾಜ ಇಡೀ ಸೀಸನ್ ಬೆಂಚಿನ ಮೇಲೆ ಕೂರಬೇಕು. ಹೊಸದಾಗಿ ಕಲಿತ ಕೈ ಒಂದು ವರ್ಷ ಕೂತರೆ ಕಲಿತದ್ದೆಲ್ಲ ಮರೆಯುತ್ತದೆ. ಮುಂದಿನ ವರ್ಷ ನಾನೂ ಇರುವುದಿಲ್ಲ. ಆಮೇಲೆ ಕಟ್ಟುವುದು ಯಾರನ್ನಿಟ್ಟುಕೊಂಡು? ಫ್ಲೆಕ್ಸನ್ನೇ?

ದೇವರಾಜನಿಗೆ ಹೇಳಿದೆ. ಪಿಕಪ್ಪಿನಿಂದ ಸಿಮೆಂಟ್ ಚೀಲ ಇಳಿಸುತ್ತಿದ್ದವನು ಹೆಗಲ ಮೇಲಿದ್ದದ್ದನ್ನು ಕೆಳಗಿಟ್ಟ.

"ಆಯ್ತು ಧರ್ಮಣ್ಣ. ಹೋಗ್ತೀನಿ," ಎಂದು ಮುಂದಿನ ಚೀಲಕ್ಕೆ ಕೈ ಹಾಕಿದ. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಶುಕ್ರವಾರ ನನ್ನ ಹೆಂಡತಿ ಸುಮಲತಾ, "ಚಿಕ್ಕಕ್ಕನ ಗದ್ದೆ ಕೊಯ್ಲಿಗೆ ನಾಳೆ ನಾನು ಮುಯ್ಯಾಳು ಹೋಗ್ಬೇಕಿತ್ತು. ಸಂಘದ ಮೀಟಿಂಗ್ ಬಿತ್ತು. ನಿಮ್ಮ ತಂಗಿ ಕುಸುಮಾನ ಕಳಿಸ್ತೀನಿ," ಎಂದಳು.

"ಚಿಕ್ಕಕ್ಕ ನಿನ್ನನ್ನೇ ಕರೆದಿದ್ದಲ್ವಾ?"

"ಮುಯ್ಯಾಳಿಗೆ ಹೆಸರು ಹಿಡಿದು ಯಾರು ಕರೀತಾರೆ? ಮನೆಯಿಂದ ಒಂದಾಳು ಹೋದ್ರಾಯ್ತು."

ಅನ್ನ ಕಲಸುತ್ತಿದ್ದ ಕೈ ನಿಂತಿತು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಕ್ರಮ. ಇವತ್ತು ನಿಮ್ಮ ಮನೆಯವರು ನಮ್ಮ ಕೆಲಸಕ್ಕೆ ಬಂದರೆ ನಾಳೆ ನಮ್ಮ ಮನೆಯಿಂದ ಒಬ್ಬರು ನಿಮ್ಮಲ್ಲಿಗೆ. ಆಳಿಗೆ ಆಳು. ಯಾರು ಹೋಗುವುದು ಎನ್ನುವುದು ಕಳಿಸುವ ಮನೆಯ ಲೆಕ್ಕ. ಬಂದವರನ್ನು ಬೇಡವೆನ್ನುವಂತಿಲ್ಲ, ಕಳಿಸಿದವರನ್ನು ವಾಪಸ್ ಕರೆಯುವಂತಿಲ್ಲ. ಭಟ್ಟರೂ ಅದೇ ಅಭ್ಯಾಸದಲ್ಲಿ ಸುಂದರೇಶ್‌ಗೆ 'ಒಬ್ಬ ಲಿಫ್ಟರ್' ಎಂದಿದ್ದರು, ಹೆಸರು ಹೇಳಿರಲಿಲ್ಲ.

ಶನಿವಾರ ನಾನೇ ಬಸ್ ಹತ್ತಿದೆ.

ಸುಂದರೇಶ್ ಪೆಟ್ರೋಲ್ ಬಂಕಿನ ಮನುಷ್ಯ, ಲೆಕ್ಕಾಚಾರದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಿಕ್ಕ ಹುಡುಗ ಬರ್ತಾನೆ ಅಂದ್ಕೊಂಡಿದ್ದೆ," ಎಂದರು. ಬೇಡ ಎನ್ನಲಿಲ್ಲ. ಸಂಜೆಯೊಳಗೆ ಹೆಸರು ನೋಂದಣಿಯಾಯಿತು. ಆಮೇಲೆ ಭಟ್ಟರ ಫೋನು.

"ಎಂತ ಮಾಡಿಟ್ಟೆ ಮಾರಾಯ ನೀನು?"

"ಒಬ್ಬ ಲಿಫ್ಟರ್ ಅಂದಿದ್ರಲ್ಲ ಭಟ್ರೇ. ಬಂದಿದೀನಿ."

ಭಟ್ಟರು ಫೋನ್ ಇಟ್ಟರು.

ಶೃಂಗೇರಿಯ ಎದುರು ಕೊಪ್ಪ ಎರಡೂ ಸೆಟ್ ಸೋತಿತು. ಸುಮಲತಾ ಫೋನಿನಲ್ಲಿ, "ದೇವರಾಜ ಎತ್ತಿದ ಚೆಂಡೆಲ್ಲ ನೆಟ್ಟಿಗೇ ಬೀಳ್ತಿತ್ತು ಕಣ್ರೀ. ಜನ ನಿಮ್ಮನ್ನೇ ಬೈತಿದ್ರು," ಎಂದಳು. ಭಟ್ಟರಿಗೆ ಬೇರೆ ಲಿಫ್ಟರ್ ಇರಲಿಲ್ಲ, ಅವನನ್ನೇ ಆಡಿಸಬೇಕಿತ್ತು. ನಾನು ನರಸಿಂಹರಾಜಪುರದ ಬೆಂಚಿನ ಮೇಲೆ ಕೂತು, ಮಾಡಿದ್ದು ಬುದ್ಧಿವಂತಿಕೆಯೋ ಹುಚ್ಚುತನವೋ ಎಂದು ಯೋಚಿಸುತ್ತಿದ್ದೆ.

ಮೂರನೇ ಭಾನುವಾರ ನರಸಿಂಹರಾಜಪುರ ತಂಡದ ಜೊತೆ ಕೊಪ್ಪದ ಮೈದಾನಕ್ಕೇ ಬಂದೆ. ಮೈಮೇಲೆ ಬೇರೆ ಊರಿನ ಹಳದಿ ಜೆರ್ಸಿ. "ಧರ್ಮಪ್ಪ, ಇದು ಯಾವೂರು ಅಂತ ಗೊತ್ತಾಯ್ತಾ?" ಎಂದು ಯಾರೋ ಕೂಗಿದರು. ಹದಿನಾರು ವರ್ಷ ನನಗೆ ನೀರು ತಂದುಕೊಟ್ಟ ಜನವೇ ನಕ್ಕರು. ಅಲ್ಲಿ ಕೂರುವುದು ಬಹಳ ಕಷ್ಟವಾಯಿತು.

ಮೊದಲ ಸೆಟ್ ನಮಗೆ, ಅಂದರೆ ಹಳದಿಯವರಿಗೆ. ಎರಡನೆಯದರಲ್ಲಿ ಕೊಪ್ಪ ಹಟ ಹಿಡಿದು ಆಡಿ ಇಪ್ಪತ್ನಾಲ್ಕು-ಇಪ್ಪತ್ಮೂರಕ್ಕೆ ಬಂತು. ಇನ್ನೊಂದು ಪಾಯಿಂಟ್ ಸಿಕ್ಕರೆ ಸೆಟ್ ಅವರದು. ಸುಂದರೇಶ್ ಟೈಮ್ ಔಟ್ ಕೇಳಿ ನೇರ ನನ್ನ ಹತ್ತಿರ ಬಂದರು.

"ಅವನನ್ನ ತಯಾರು ಮಾಡಿದ್ದು ನೀವೇ ತಾನೆ? ಈಗ ಚೆಂಡು ಯಾರಿಗೆ ಕೊಡ್ತಾನೆ?"

ತಂಡದವರೆಲ್ಲ ನನ್ನನ್ನೇ ನೋಡಿದರು. ನೆಟ್ಟಿನ ಆಚೆಯಿಂದ ದೇವರಾಜನೂ ನೋಡುತ್ತಿದ್ದ. ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮುಯ್ಯಾಳಿಗೆ ಹೋದವನು ಹೋದ ಮನೆಯ ಕೆಲಸದಲ್ಲಿ ಮೈಗಳ್ಳತನ ಮಾಡಬಾರದು. ಹಾಗೆ ಮಾಡಿದರೆ ಕಳಿಸಿದ ಮನೆಯ ಮರ್ಯಾದೆ ಹೋಗುತ್ತದೆ. ಗೊತ್ತಿದ್ದದ್ದನ್ನು ಹೇಳಿದೆ.

"ಗಾಬರಿಯಾದ್ರೆ ಎತ್ತರದವನಿಗೇ ಕೊಡ್ತಾನೆ. ಯಜ್ಞೇಶನಿಗೆ. ಕೊಡೋ ಮೊದ್ಲು ಎರಡು ಹೆಜ್ಜೆ ಆ ಕಡೆ ಹಾಕ್ತಾನೆ. ಎಷ್ಟು ಹೇಳಿದ್ರೂ ಅದೊಂದು ಬಿಟ್ಟಿಲ್ಲ."

ಸೀಟಿ ಬಿತ್ತು. ಚೆಂಡು ಕೊಪ್ಪದ ಕಡೆ ಹೋಯಿತು. ದೇವರಾಜ ಯಜ್ಞೇಶನ ಕಡೆ ಎರಡು ಹೆಜ್ಜೆ ಹಾಕಿದ. ನೆಟ್ಟಿನ ಬಳಿಯಿದ್ದ ಹಳದಿಯವರು ಮೂವರೂ ತಡೆಯಲು ಅತ್ತ ಓಡಿದರು. ಯಜ್ಞೇಶ ಹಾರಿದ, ಇವರೂ ಹಾರಿದರು. ಚೆಂಡು ಮಾತ್ರ ದೇವರಾಜನ ತಲೆಯ ಮೇಲಿಂದ ಹಿಂದಕ್ಕೆ ಹೋಗಿ, ಆ ತುದಿಯಲ್ಲಿ ಒಬ್ಬನೇ ನಿಂತಿದ್ದ ಕುಳ್ಳ ವಿಜಯನ ಕೈಗೆ ಸಿಕ್ಕಿತು. ಅವನು ಹೊಡೆದ ಕಡೆ ನಮ್ಮವರು ಯಾರೂ ಇರಲಿಲ್ಲ.

ಸುಂದರೇಶ್ ನನ್ನ ಮುಂದೆ ನಿಂತು, "ಊರಿನವರ ಪರ ಸುಳ್ಳು ಹೇಳಿದ್ರಿ ನೀವು," ಎಂದರು.

"ಇಲ್ಲ ಸ್ವಾಮಿ. ನಂಗೆ ಗೊತ್ತಿದ್ದದ್ದು ಅಷ್ಟೇ."

ಅವರು ನಂಬಲಿಲ್ಲ. ದೇವರಾಜ ಮಾತ್ರ ನಂಬಿದ್ದ. ಧರ್ಮಣ್ಣ ನಿಜವನ್ನೇ ಹೇಳಿರುತ್ತಾನೆ ಎಂದು ನಂಬಿಯೇ, ಹಳದಿಯವರನ್ನು ಅತ್ತ ಸೆಳೆಯಲು ಆ ಎರಡು ಹೆಜ್ಜೆ ಹಾಕಿದ್ದ. ಅಂಥ ಆಟ ನಾನು ಕಲಿಸಿರಲಿಲ್ಲ, ನನಗೆ ಬರುತ್ತಲೂ ಇರಲಿಲ್ಲ.

ಮೂರನೇ ಸೆಟ್ಟನ್ನು ಕೊಪ್ಪ ಸೋತಿತು. ಪಟ್ಟಿಯಲ್ಲಿ ಅದೇ ಮೂರನೇ ಸ್ಥಾನ. ಜನ ಚೆದುರಿದ ಮೇಲೆ ಭಟ್ಟರು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಮುಂದಿನ ವರ್ಷ ವಾಪಸ್ ಬಾ ಮಾರಾಯ," ಎಂದರು. "ನಿನ್ನ ಜಾಗ ಹಂಗೇ ಇದೆ."

ನೆಟ್ ಬಿಚ್ಚುತ್ತಿದ್ದ ದೇವರಾಜನನ್ನು ನೋಡಿದೆ.

"ಇಲ್ಲ ಭಟ್ರೇ," ಎಂದೆ. "ಆ ಜಾಗಕ್ಕೆ ಆಳು ಬಂದಾಯ್ತು."