ಅರ್ಧ ಬಿಸ್ಕತ್ತು

ಮಗಳ ತುಟಿಯಂಚಿನಲ್ಲಿ ಏನೋ ಪುಡಿ, ಒರೆಸಿದರೆ ಬೆರಳಿಗೆ ಸಿಹಿ ವಾಸನೆ — ಬಿಸ್ಕತ್ತು, ಅಯ್ಯೋ ದೇವರೇ, ಬಿಸ್ಕತ್ತೇ, ಏನು ತಿಂದೆ ಕಂದಾ, ಮಗಳು ಬಾಯಿ ಬಿಗಿಹಿಡಿದು ಅಜ್ಜಿಯ ಕಡೆ ನೋಡುತ್ತಾಳೆ, ಅಜ್ಜಿ, ಅಂದರೆ ನನ್ನ ಹೆತ್ತವಳು, ಕಿಟಕಿಯ ಕಡೆ, ಅರ್ಧ ಕಣೇ, ಅರ್ಧವೇ ಅರ್ಧ, ಹಸಿವು ಹಸಿವು ಅಂತ ಅಳ್ತಿತ್ತು, ಕರುಳು ಚುರ್ ಅಂತು, ಅಷ್ಟಕ್ಕೆ ಏನು ಪ್ರಳಯ ಆಗುತ್ತೆ. ಆಗುತ್ತಮ್ಮಾ, ನರ್ಸಕ್ಕ ಹತ್ತು ಸಲ ಬಡಕೊಂಡಳಲ್ಲ, ಆಪರೇಷನ್ನಿಗೆ ಪ್ರಜ್ಞೆ ತಪ್ಪಿಸೋವಾಗ ಹೊಟ್ಟೆ ಖಾಲಿ ಇರಬೇಕು, ತಿಂದದ್ದು ಮೇಲೆ ಬಂದು ಉಸಿರಿಗೆ ಸಿಕ್ಕಿದರೆ ಮುಗೀತು — ಮುಗೀತು ಎಂದಳೋ, ಕಷ್ಟ ಎಂದಳೋ, ತಲೆಯೆಲ್ಲ ಕಲಸುಮೇಲೋಗರ. ಹೇಳಿದರೆ ಸರದಿ ಹೋಯಿತು, ಮಕ್ಕಳ ಎದೆಯ ತೂತು ಮುಚ್ಚುವ ಡಾಕ್ಟರು ಈ ಧರ್ಮಾಸ್ಪತ್ರೆಗೆ ಬರುವುದೇ ವರ್ಷಕ್ಕೊಮ್ಮೆ, ಸಂಜೆಯೇ ವಿಮಾನ ಹತ್ತುತ್ತಾರೆ, ಆಮೇಲೆ ಇನ್ನೊಂದು ವರ್ಷ ಇದೇ ನೀಲಿ ಉಗುರು, ನಾಲ್ಕು ಹೆಜ್ಜೆ ಓಡಿ ಕುಕ್ಕರಗಾಲಲ್ಲಿ ಕೂತು ಏದುಸಿರು, ಒಂದು ವರ್ಷ ಇರುತ್ತಾಳಾ — ಥೂ, ಬಿಡ್ತು ಅನ್ನು. ಹೇಳದಿದ್ದರೆ, ಅರ್ಧ ತಾನೇ, ಬಾಯಲ್ಲೇ ಕರಗಿರುತ್ತೆ, ಹೊಟ್ಟೆಗೆ ಹೋಗಿರಲ್ಲ, ಎಂಥಾ ಹುಚ್ಚಿ ನಾನು, ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ, ಬಾಯಲ್ಲಿಟ್ಟ ಬಿಸಿತುಪ್ಪ ಇದು, ನುಂಗೋಕಾಗಲ್ಲ ಉಗುಳೋಕಾಗಲ್ಲ. ತಳ್ಳುಮಂಚ ಬಂದೇಬಿಟ್ಟಿತು, ಜೊತೆಗೆ ನರ್ಸಕ್ಕ, ಏನಾದ್ರೂ ತಿಂದ್ಲಾ, ನೀರು ಗೀರು, ಇಲ್ಲ, ಯಾರು ಇಲ್ಲ ಅಂದದ್ದು, ನಾನಾ, ಚಕ್ರ ಆಗಲೇ ಕಿರುಗುಟ್ಟುತ್ತಿದೆ, ಮಗಳು ಅಜ್ಜಿಗೆ ಕಣ್ಣು ಹೊಡೆಯುತ್ತಾಳೆ, ಗುಟ್ಟು ಕಾಪಾಡಿದ ಜಾಣೆ, ನೀಲಿ ಉಗುರಿನ ಕೈಯಾಡಿಸಿ ಟಾಟಾ, ಬಾಗಿಲು ತೆರೆಯಿತು, ನಿಲ್ಸಿ, ನಿಲ್ಸೀಂದ್ರೆ, ತಿಂದಿದಾಳೆ, ಅರ್ಧ ಬಿಸ್ಕತ್ತು, ನಾನು ಸುಳ್ಳು ಹೇಳ್ದೆ.

ನರ್ಸಕ್ಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಒಳಗೆ ಹೋಗಿ ಬಂದಳು, ಇವತ್ತಾಗಲ್ಲಮ್ಮ, ಪಕ್ಕದ ಮಂಚದ ಪುಟ್ಟನನ್ನು ಎತ್ತಿಕೊಂಡರು, ಇಲ್ಲಿ ಯಾವಾಗಲೂ ಹೀಗೆ, ಒಂದು ಮಗು ತಪ್ಪಿದರೆ ಇರಲಿ ಎಂದು ಇನ್ನೊಂದನ್ನು ಉಪವಾಸ ಇಟ್ಟಿರುತ್ತಾರೆ, ಅವನಪ್ಪ ನನ್ನ ಕೈ ಹಿಡಿಯಲು ಬಂದವನು ಹಿಡಿಯದೆ ಓಡಿದ, ಅವನ ಮುಖದ ಖುಷಿ ನೋಡಿ ಹೊಟ್ಟೆ ಉರಿಯಿತು, ಉರಿಯಬಾರದು, ಉರಿಯಿತು. ಉಳಿಸಿಕೊಂಡೆನಾ ಕಳೆದುಕೊಂಡೆನಾ, ಯಾರನ್ನು ಕೇಳಲಿ, ಅಮ್ಮ ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಳೆ, ಬಿಡಮ್ಮಾ ಅನ್ನಬೇಕು, ಮಗಳು ಸೆರಗು ಜಗ್ಗುತ್ತಾಳೆ, ಅಮ್ಮಾ, ಈಗ ನೀರು ಕುಡೀಬಹುದಾ, ಕುಡಿ ಕಂದಾ, ಎಷ್ಟು ಬೇಕೋ ಕುಡಿ, ಎರಡೂ ಕೈಯಲ್ಲಿ ಲೋಟ ಎತ್ತಿ ಗಟಗಟ, ಲೋಟದ ಸುತ್ತ ಉಗುರು, ನೀಲಿ, ನೀಲಿ —