ಕಾಣದ ಸಾಲು

ವಿಂಡೋಸ್ ಕೊಡುವ ಸಾದಾ ಪಟ್ಟಿ ನನಗೆ ಎಂದೂ ಹಿಡಿಸಿರಲಿಲ್ಲ. ಬೂದು ಬಣ್ಣ, ಸಣ್ಣ ಅಕ್ಷರ, ಹಳೆಯ ಕಚೇರಿಯ ಗೋಡೆ ನೋಡಿದ ಹಾಗೆ. ಅದಕ್ಕೇ ಭಾಲ್ಕಿಯ ಒಂದು ಟ್ರಸ್ಟಿನವರು ಗುಳೆ ಹೋಗುವವರ ಹೆಸರು ಬರೆದಿಡಲು ಪ್ರೋಗ್ರಾಂ ಬೇಕೆಂದಾಗ, ಪಟ್ಟಿಯನ್ನು ನಾನೇ ಗೆರೆ ಗೆರೆಯಾಗಿ ಬಿಡಿಸಿದೆ. ಪ್ರತಿ ಸಾಲಿಗೂ ದುಂಡನೆಯ ಅಂಚು. ಕೆಲಸದಲ್ಲಿದ್ದವರಿಗೆ ಹಸಿರು ಚುಕ್ಕೆ, ಮರಳಿ ಬಂದವರಿಗೆ ನೀಲಿ. ಬೀದರಿನಲ್ಲಿ ಕೂತು ಬೇಳೆ ಮಿಲ್ಲುಗಳಿಗೆ ಬಿಲ್ಲಿನ ಪ್ರೋಗ್ರಾಂ ಬರೆಯುತ್ತಿದ್ದ ಈ ಮಚ್ಛೇಂದ್ರನಿಗೆ ಅದು ದೊಡ್ಡ ಕಲಾಕೃತಿಯೇ. ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡಿದ್ದೆ.

ಅದು ಎರಡು ಸಾವಿರದ ಹದಿನಾರನೆಯ ಇಸವಿ. ಮಳೆ ಎರಡು ವರ್ಷದಿಂದ ಕೈಕೊಟ್ಟಿತ್ತು. ಭಾಲ್ಕಿ, ಔರಾದ ಕಡೆಯ ಊರುಗಳ ಜನ ಟೆಂಪೊ ತುಂಬಿಕೊಂಡು ಹೈದರಾಬಾದ್ ಸುತ್ತಲಿನ ಇಟ್ಟಂಗಿ ಭಟ್ಟಿಗಳಿಗೆ, ಪುಣೆಯ ಕಟ್ಟಡಗಳಿಗೆ ಹೋಗುತ್ತಿದ್ದರು. ಹೋಗುವ ಮುಂಚೆ ಹೆಸರು, ಊರು, ಯಾರ ಗುಂಪಿನ, ಅಂದರೆ ಟೋಳಿಯ, ಜತೆ ಹೊರಟಿದ್ದಾರೆ ಎಂದು ಟ್ರಸ್ಟಿನಲ್ಲಿ ಬರೆಸುತ್ತಿದ್ದರು. ಮನೆಯವರು ಬಂದು ಕೇಳಿದರೆ ಯಾರು ಎಲ್ಲಿದ್ದಾರೆಂದು ಹೇಳುವುದು, ಅಷ್ಟೇ ಆ ಕಚೇರಿಯ ಕೆಲಸ.

ಏಪ್ರಿಲ್‌ನಲ್ಲಿ ಅಲ್ಲಿಗೆ ಹಮೀದುನ್ನಿಸಾ ಎಂಬ ಹೊಸ ಆಪರೇಟರ್ ಬಂದಳು. ಬೀದರಿನವಳು, ಇಪ್ಪತ್ತೈದರ ಆಸುಪಾಸು. ಚಿಕ್ಕಂದಿನಲ್ಲೇ ಎರಡೂ ಕಣ್ಣು ಹೋಗಿದ್ದವು. ತೆರೆಯ ಮೇಲಿದ್ದುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೆಲಸ ಮಾಡುತ್ತಿದ್ದಳು. ಎರಡನೆಯ ದಿನವೇ ನನಗೆ ಫೋನ್ ಬಂತು. ಪಟ್ಟಿ ಮಾತಾಡುತ್ತಿಲ್ಲವಂತೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಪಟ್ಟಿ ಸರಿಯಾಗಿಯೇ ಇದೆ, ನಿಮ್ಮ ರೀಡರೇ ಹಳೆಯದಿರಬೇಕು ಎಂದು ಸಿಡುಕಿದೆ. ಆಕೆ ಸಿಡುಕಲಿಲ್ಲ. ಒಮ್ಮೆ ಬಂದು ಹೋಗಿ ಎಂದಳು.

ಹೋದೆ. ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನ್ ಕೊಟ್ಟು, ಮಾನಿಟರನ್ನು ಆರಿಸಿಬಿಟ್ಟಳು. ಭಾತಂಬ್ರಾ ಊರಿನ ಯಾರಾದರೊಬ್ಬರನ್ನು ಹುಡುಕಿಕೊಡಿ ಎಂದಳು. ಕಪ್ಪು ತೆರೆಯ ಮುಂದೆ ಬಾಣದ ಕೀಲಿ ಒತ್ತಿದೆ, ಟ್ಯಾಬ್ ಒತ್ತಿದೆ. ಕಿವಿಯಲ್ಲಿ ತಗಡಿನಂಥ ದನಿ ಒಮ್ಮೆ ‘ಫಲಕ’ ಎಂದು ಸುಮ್ಮನಾಯಿತು. ಮತ್ತೆ ಒತ್ತಿದರೆ ಅದೂ ಇಲ್ಲ. ಏಳುನೂರು ಜನರನ್ನು ನನ್ನ ಕೈಯಾರೆ ಅಲ್ಲಿ ಬಿಡಿಸಿದ್ದೆ, ಒಬ್ಬರೂ ಓಗೊಡಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಎಲ್ಲ ಮನೆಗೂ ಬೀಗ ಬಿದ್ದ ಊರಿನಲ್ಲಿ ಒಬ್ಬನೇ ಬಾಗಿಲು ತಟ್ಟುತ್ತ ಹೋದ ಹಾಗಿತ್ತು.

ತಪ್ಪು ಸರಳವಾದದ್ದು. ಸಾದಾ ಪಟ್ಟಿ ತನ್ನೊಳಗೆ ಯಾರಿದ್ದಾರೆಂದು ರೀಡರಿಗೆ ತಾನೇ ಹೇಳುತ್ತದೆ. ನಾನು ಬಿಡಿಸಿದ್ದು ಬರೀ ಚಿತ್ರ. ಅದಕ್ಕೆ ಮಾತು ಬರಬೇಕಾದರೆ, ಬಿಡಿಸುವ ಭಾಗವನ್ನು ಬರೆದಂತೆ ಹೇಳುವ ಭಾಗವನ್ನೂ ಬೇರೆಯಾಗಿ ಬರೆಯಬೇಕು: ಇಲ್ಲಿ ಇಷ್ಟು ಸಾಲುಗಳಿವೆ, ಈ ಸಾಲಿನಲ್ಲಿರುವುದು ಇವರು, ಈಗ ಬೆರಳು ನಿಂತಿರುವುದು ಇವರ ಮೇಲೆ ಎಂದು. ಮೂರು ವಾರ ಅದಕ್ಕೇ ಕೂತೆ. ಹಮೀದುನ್ನಿಸಾ ದಿನವೂ ಫೋನಿನಲ್ಲಿ ಹುಳುಕು ತೋರಿಸಿದಳು, ನಾನು ಗೊಣಗುತ್ತ ತಿದ್ದಿದೆ. ಮೇ ತಿಂಗಳ ಮೊದಲ ವಾರ ಹೊಸದನ್ನು ಹಾಕಿದಾಗ, ಬಾಣದ ಕೀಲಿ ಒತ್ತಿದರೆ ಸಾಕು, ಹೆಸರು, ಊರು, ಸ್ಥಿತಿ ಮೂರನ್ನೂ ಪಟ್ಟಿ ಒಂದೇ ಉಸಿರಿಗೆ ಹೇಳುತ್ತಿತ್ತು.

"ಈಗ ಒಳಗ ಮಂದಿ ಅದಾರ ಅನಸ್ತದರಿ ಸರ್" ಎಂದಳು. ಖುಷಿಯಿಂದ ಬೀದರಿಗೆ ಮರಳಿದೆ.

ಗುರುವಾರ ಕೌಂಟರಿನ ಗುಮಾಸ್ತ ಸರ್ದಾರನ ಫೋನ್ ಬಂತು. ಪ್ರೋಗ್ರಾಮಿನೊಳಗೆ ಏನೋ ಹೊಕ್ಕಿದೆ ಎಂದು ಪಿಸುಗುಟ್ಟಿದ. ಠಾಣಾ ಕುಶನೂರಿನ ಟೋಳಿಯಲ್ಲಿ ಅನುಸೂಯಾಬಾಯಿ ಆದ ಮೇಲೆ ಗೋರಖನಾಥ ಇದ್ದಾನೆ, ಸರ್ದಾರನ ಎರಡೂ ಕಣ್ಣಿಗೆ ಕಾಣುವುದು ಅಷ್ಟೇ. ಹಮೀದುನ್ನಿಸಾಳಿಗೆ ಮಾತ್ರ ಅವರಿಬ್ಬರ ನಡುವೆ ಇನ್ನೊಬ್ಬಳು ಕೇಳಿಸುತ್ತಾಳೆ. ಕೀಲಿ ಒಮ್ಮೆ ಒತ್ತಿದರೆ ಆಯ್ಕೆಯಾದ ಸಾಲನ್ನು ತೋರಿಸುವ ನೀಲಿ ಗೆರೆ ತೆರೆಯಿಂದಲೇ ಮಾಯ, ಮತ್ತೊಮ್ಮೆ ಒತ್ತಿದರೆ ಗೋರಖನಾಥನ ಮೇಲೆ ಹಾಜರು. ಪಟ್ಟಿಯ ಇನ್ನೂ ಎರಡು ಕಡೆ ಹೀಗೆಯೇ ಆಗುತ್ತದಂತೆ. ದೆವ್ವ ಓಡಲೆಂದು ಸರ್ದಾರ ಆಗಲೇ ಲೋಬಾನದ ಹೊಗೆ ಹಾಕಿಸಿದ್ದ.

ನಗುತ್ತಲೇ ಭಾಲ್ಕಿಯ ಬಸ್ಸು ಹತ್ತಿದೆ. ಹಮೀದುನ್ನಿಸಾ ಹೆಡ್‌ಫೋನ್ ಕೈಗಿತ್ತಳು. ತೆರೆ ನೋಡುತ್ತ ಕೀಲಿ ಒತ್ತಿದೆ. ನೀಲಿ ಗೆರೆ ಮಾಯವಾಯಿತು. ‘ಗಿರಿಜಾಬಾಯಿ, ಮೆಹಕರ, ಮೃತ’ ಎಂದಿತು ದನಿ. 

ನೆನಪಾಯಿತು. ಮಾರ್ಚಿನಲ್ಲಿ ಟ್ರಸ್ಟಿನ ಕಾರ್ಯದರ್ಶಿ ಹಾವಗೆಪ್ಪನವರು ಕರೆಸಿ, ಮೂರು ಹೆಸರು ಕೆಲವು ದಿನ ಯಾರಿಗೂ ಕಾಣಬಾರದು, ಅಳಿಸಲೂ ಬಾರದು ಎಂದಿದ್ದರು. ಇವನ್ನು ಬಿಡಿಸಬೇಡ ಎಂದು ಬಿಡಿಸುವ ಭಾಗಕ್ಕೆ ಒಂದು ಸಾಲು ಸೇರಿಸಿ ಕೈ ತೊಳೆದುಕೊಂಡಿದ್ದೆ. ಯಾರವರು, ಯಾಕೆ ಎಂದು ಕೇಳಿರಲಿಲ್ಲ, ಊಟದ ಹೊತ್ತಾಗಿತ್ತು. ಹೇಳುವ ಭಾಗ ಬರೆಯುವಾಗ ಅದು ಪೂರ್ತಿ ಮರೆತೇಹೋಗಿತ್ತು. ಹೀಗಾಗಿ ಕಣ್ಣಿಗಿಲ್ಲದವಳು ಕಿವಿಗೆ ಉಳಿದಿದ್ದಳು.

"ಆಕಿ ಅವ್ವ ಶಾಲುಬಾಯಿ ನಾಕ ಶನಿವಾರದಿಂದ ಬರ್ಲತ್ತಾಳ್ರಿ," ಹಮೀದುನ್ನಿಸಾ ಮೆಲ್ಲಗೆ ಹೇಳಿದಳು. "ಇಂಥಾ ಹೆಸರೇ ಇಲ್ಲ ಅಂತ ಕಳಸ್ಲತ್ತೀವಿ."

ಹಾವಗೆಪ್ಪನವರು ಏನನ್ನೂ ಮುಚ್ಚಿಡಲಿಲ್ಲ. ಆ ಟೋಳಿ ದುಡಿಯುತ್ತಿದ್ದ ಭಟ್ಟಿಯ ಗೋಡೆ ಕುಸಿದು ಮೂವರು ಹೆಂಗಸರು ಸತ್ತಿದ್ದರು. ಇಬ್ಬರ ಮನೆಯವರು ಅಲ್ಲಿಯೇ ಇದ್ದರು. ಗಿರಿಜಾಬಾಯಿ ಮಾತ್ರ ಒಬ್ಬಳೇ ಬೇರೆ ಊರಿನ ಟೋಳಿಯ ಜತೆ ಹೋದವಳು. ಅವಳನ್ನು ಅಲ್ಲಿಯೇ ಮಣ್ಣು ಮಾಡಿದ್ದರು. ಮಾಲೀಕನ ಕಡೆಯವರು ಟೋಳಿಯನ್ನು ಮರುದಿನವೇ ದೂರದ ಇನ್ನೊಂದು ಭಟ್ಟಿಗೆ ಸಾಗಿಸಿ, ಯಾರೂ ಬಾಯಿ ಬಿಡಬಾರದೆಂದು ಹೆದರಿಸಿದ್ದರು. ಪರಿಹಾರಕ್ಕಾಗಿ ಮಾಲೀಕನ ಜತೆ ಮಾತುಕತೆ ನಡೆದಿದೆ, ಸುದ್ದಿ ಹರಡಿ ಗದ್ದಲವಾದರೆ ಅವನು ಕೈಯೆತ್ತುತ್ತಾನೆ, ಆಮೇಲೆ ಯಾರಿಗೂ ಏನೂ ಸಿಗುವುದಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ. ಆದರೂ ಕೊನೆಗೆ ಹೇಳಿದ್ದು ಇಷ್ಟು:

"ಕಣ್ಣಿಗಿ ಕಾಣದ್ದು ಕಿವಿಗೂ ಕೇಳಬಾರದು ನೋಡ್ರಿ. ಶನಿವಾರದೊಳಗ ಮಾಡಿಬಿಡ್ರಿ."

ಮಾಡಿದೆ. ಬೀದರಿನ ನನ್ನ ಅಂಗಡಿಯಲ್ಲಿ ಕೂತು ಹೇಳುವ ಭಾಗಕ್ಕೂ ಅದೇ ಒಂದು ಸಾಲು ಸೇರಿಸಿದೆ. ಐದು ನಿಮಿಷದ ಕೆಲಸ. ಮಾನಿಟರ್ ಆರಿಸಿ ಕೇಳಿದೆ. ಅನುಸೂಯಾಬಾಯಿ. ಗೋರಖನಾಥ. ನಡುವೆ ಏನೂ ಇಲ್ಲ. ಆ ಇಲ್ಲದ್ದು ನನ್ನನ್ನು ಬಿಡಲಿಲ್ಲ. ಎರಡು ದಿನ ಎಲ್ಲಿ ಇಬ್ಬರ ಹೆಸರು ಜತೆಯಾಗಿ ಕೇಳಿದರೂ ನಡುವೆ ಯಾರೋ ಉಸಿರು ಹಿಡಿದು ನಿಂತಂತಾಗುತ್ತಿತ್ತು. ಚಹದಂಗಡಿಯವನು ಹುಡುಗರನ್ನು ಕರೆದರೂ ನಾನು ತಿರುಗಿ ನೋಡುತ್ತಿದ್ದೆ. ಮನೆಯಲ್ಲಿ ಹೆಂಡತಿ ಮಕ್ಕಳಿಬ್ಬರನ್ನು ಊಟಕ್ಕೆ ಕೂಗಿದರೆ ಮೂರನೆಯವಳು ಬರಬಹುದೆಂದು ಬಾಗಿಲ ಕಡೆ ಕಣ್ಣು ಹೋಗುತ್ತಿತ್ತು.

ಶನಿವಾರ ಆ ತಿದ್ದುಪಡಿಯ ಪೆನ್‌ಡ್ರೈವ್ ಹಿಡಿದು ಭಾಲ್ಕಿಗೆ ಹೋದಾಗ ಶಾಲುಬಾಯಿ ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಮೆಹಕರದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳಂತೆ. ಸರ್ದಾರ ತಲೆ ಎತ್ತದೆ ಇಲ್ಲ ಎಂದ. ಇನ್ನೊಂದು ಸಲ ನೋಡಪ್ಪ ಎಂದು ಆಕೆ ಕೇಳಿಕೊಂಡಳು. ಕುಶನೂರಿನವರ ಜತೆ ಹೋದದ್ದು ನಿಜ, ನಾನೇ ಟೆಂಪೊ ಹತ್ತಿಸಿದ್ದೆ ಎಂದಳು. ಅವನು ಸುಮ್ಮನೆ ಅದೇ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ನೋಡಿದ.

ಹಮೀದುನ್ನಿಸಾ ನನ್ನ ಹೆಜ್ಜೆಯ ಸಪ್ಪಳ ಗುರುತಿಸಿದಳು.

"ಹೊಸದು ಹಾಕ್ತೀರೇನ್ರಿ?" ಎಂದು ಕೇಳಿದಳು. "ಹಾಕಿದ್ರ ನನಗೂ ಕೇಳಂಗಿಲ್ಲ. ಆಮ್ಯಾಲ ಆಕಿ ಎಲ್ಲೂ ಇರಂಗಿಲ್ಲರಿ."

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಹಾವಗೆಪ್ಪನವರ ಮೇಲೆ, ತಲೆ ಎತ್ತದ ಸರ್ದಾರನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ. ಪೆನ್‌ಡ್ರೈವನ್ನು ಜೇಬಿಗೆ ಹಾಕಿ, ಶಾಲುಬಾಯಿಯನ್ನು ಕರೆದು ಕಂಪ್ಯೂಟರಿನ ಪಕ್ಕ ಕೂರಿಸಿದೆ. ಹೆಡ್‌ಫೋನಿನ ವೈರು ಕಿತ್ತೆ, ಸ್ಪೀಕರಿನ ದನಿ ಹೆಚ್ಚಿಸಿ ಕೀಲಿ ಒತ್ತಿದೆ.

‘ಗಿರಿಜಾಬಾಯಿ, ಮೆಹಕರ, ಮೃತ.’

ನನ್ನ ಬಾಯಿಂದ ಹೇಳುವ ಎದೆಗಾರಿಕೆ ನನಗಿರಲಿಲ್ಲ, ಯಂತ್ರದ ಕೈಲಿ ಹೇಳಿಸಿದೆ. ಇವತ್ತಿಗೂ ಅದಕ್ಕೆ ನನಗೆ ನನ್ನ ಮೇಲೆ ಅಸಹ್ಯವಿದೆ. ಆಕೆಯ ಮನೆಮಾತು ಮರಾಠಿ; ಕೊನೆಯ ಪದ ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ, ತಿಳಿಯಲಿಲ್ಲ ಎಂದುಕೊಳ್ಳಲು ಆಕೆಗೆ ಅಷ್ಟು ದಾರಿಯೂ ಇರಲಿಲ್ಲ. ಆಕೆ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಸ್ಪೀಕರಿನ ಡಬ್ಬಿಯನ್ನೇ ನೋಡಿದಳು. ಗೋಡೆ ಬಿದ್ದದ್ದು, ಮಣ್ಣು ಮಾಡಿದ ಜಾಗ ಎಲ್ಲವನ್ನೂ ಹೇಳಲು ಹಾವಗೆಪ್ಪನವರು ಕೋಣೆಯಿಂದ ಹೊರಬರಲೇಬೇಕಾಯಿತು. ಅವರು ಹೇಳಿ ಮುಗಿಸಿದ ಮೇಲೆ ಶಾಲುಬಾಯಿ ನನ್ನ ಕಡೆ ತಿರುಗಿದಳು.

"ಮತ್ತೊಮ್ಮಿ ಅನಸ್ರಿ ಅಪ್ಪ. ಹೆಸರು, ಊರು ಅಷ್ಟೇ. ಮುಂದಿಂದು ಬ್ಯಾಡ."

 ಮೂರನ್ನೂ ಒಟ್ಟಿಗೆ ಪೋಣಿಸಿದವನು ನಾನೇ, ಬಿಡಿಸಿ ಹೇಳು ಎಂದರೆ ಅದು ಹೇಳುತ್ತಿರಲಿಲ್ಲ. ಹಮೀದುನ್ನಿಸಾ ನನ್ನ ತೋಳು ಹಿಡಿದು ಎಬ್ಬಿಸಿ ತಾನು ಕೂತಳು. ಒಂದು ಬೆರಳು ಬಾಣದ ಕೀಲಿಯ ಮೇಲೆ, ಇನ್ನೊಂದು ಕಂಟ್ರೋಲಿನ ಮೇಲೆ. ಕಂಟ್ರೋಲ್ ಒತ್ತಿದರೆ ರೀಡರ್ ಮಾತು ಅಲ್ಲಿಗೇ ನಿಲ್ಲಿಸುತ್ತದೆ. ದನಿ ‘ಗಿರಿಜಾಬಾಯಿ, ಮೆಹಕರ’ ಎಂದದ್ದೇ ತಡ, ಆಕೆ ಮುಂದಿನದನ್ನು ಕತ್ತರಿಸಿದಳು.

ಮತ್ತೊಮ್ಮೆ ಎಂದಳು ಶಾಲುಬಾಯಿ. ಮೆಹಕರದ ಬಸ್ಸಿಗೆ ಹೊತ್ತಾಗುವ ತನಕ ಹಮೀದುನ್ನಿಸಾ ಒತ್ತುತ್ತಲೇ ಇದ್ದಳು, ಒಮ್ಮೆಯೂ ಬೆರಳು ತಪ್ಪಲಿಲ್ಲ. ಹೆಸರು ಬಂದಾಗಲೆಲ್ಲ ಶಾಲುಬಾಯಿ ಮಗಳ ಪರವಾಗಿ ಮೆಲ್ಲಗೆ ‘ಓ’ ಎನ್ನುತ್ತಿದ್ದಳು.