ಗೆರೆಯ ಕೆಳಗೆ

"ಮುಂದಿನ ದಿನಗಳ ಬಗ್ಗೆ ನಿರಾಶೆ ಅನಿಸುತ್ತದೆಯೇ?" ನಿವೇದಿತಾ ಇಂಗ್ಲಿಷಿನಲ್ಲಿ ಕೇಳಿದಳು. ಎದುರಿಗೆ ಕೂತಿದ್ದ ರೀಮ್ ಅದೇ ಪ್ರಶ್ನೆಯ ಅರಬ್ಬಿ ಅನುವಾದದ ಮೇಲೆ ಕಣ್ಣಾಡಿಸಿದಳು.

"ಇಲ್ಲ. ದೇವರ ದಯೆ ಇರುವಾಗ ನಿರಾಶೆ ಪಡುವುದು ಪಾಪ."

ನಿವೇದಿತಾ ಸೊನ್ನೆ ಹಾಕಿದಳು. ದುಃಖಕ್ಕೂ ಸೊನ್ನೆ, ಅಳುವಿಗೂ ಸೊನ್ನೆ. ನಿದ್ದೆ, ಊಟದ ಪ್ರಶ್ನೆಗಳಿಗಷ್ಟೇ ಅಂಕ ಬಿದ್ದಿತ್ತು. ಧಾರವಾಡದಿಂದ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿಗೆ ಬಂದು ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಅವಳು, ಅರಬ್ ವಿದ್ಯಾರ್ಥಿಗಳ ಖಿನ್ನತೆಯನ್ನು ಈ ಪ್ರಶ್ನೆಗಳು ಸರಿಯಾಗಿ ಅಳೆಯುತ್ತವೆಯೇ ಎಂದು ನೋಡುತ್ತಿದ್ದಳು. ಅಂಕ ಒಂದು ಗೆರೆ ದಾಟಿದವರನ್ನು ಮಾತ್ರ ಡಾಕ್ಟರ ಬಳಿ ಕಳಿಸಬೇಕು, ಉಳಿದವರನ್ನು ಆಮೇಲೆ ಸಂಪರ್ಕಿಸಬಾರದು ಎಂಬುದು ನಿಯಮ. ಸಿರಿಯಾದ ಹೋಮ್ಸ್ ಊರಿನ ರೀಮ್ ಆ ಗೆರೆಯ ಎಷ್ಟೋ ಕೆಳಗಿದ್ದಳು.

ಹೊರಡುವಾಗ ರೀಮ್ ಕೋಟಿನ ಗುಂಡಿ ಹಾಕುತ್ತ ನಿಂತಳು. ಬೆರಳುಗಳು ಕಾಜ ಸಿಗದೆ ತಡವರಿಸಿದವು. "ಎದೆ ಮಾತ್ರ ಇಕ್ಕಟ್ಟಾಗಿದೆ. ಬೆಳಿಗ್ಗೆ ಒಳಗೆ ಜಾಗವೇ ಇರುವುದಿಲ್ಲ. ಕಾಲುವೆಗೆ ಹೋಗಿ ನೀರು ನೋಡುತ್ತ ನಿಲ್ಲುತ್ತೇನೆ. ಅಲ್ಲಿ ತುಂಬ ಜಾಗವಿದೆ." ನಕ್ಕು ಹೋದಳು.

ನಿವೇದಿತಾಗೆ ಕೂತಲ್ಲಿ ಕೂರಲಾಗಲಿಲ್ಲ. ಚಹಾ ಮಾಡಿಕೊಂಡು ಬಂದು ಕುಡಿಯಲು ಮರೆತಳು. ಅದೇ ಅಧ್ಯಯನದಲ್ಲಿ ಜೊತೆಗಿದ್ದ ಮೈಸೂರಿನ ಭುವನ್ ಕಂಪ್ಯೂಟರಿನಿಂದ ತಲೆ ಎತ್ತಿದ.

"ಸ್ಕೋರ್ ಕಡಿಮೆ ಇದೆಯಲ್ಲ, ಯಾಕಿಷ್ಟು ತಲೆ ಕೆಡಿಸ್ಕೋತೀಯಾ?"

"ಎದೆ ಇಕ್ಕಟ್ಟು ಅಂದ್ಳು. ಕಾಲುವೆ ಅಂದ್ಳು."

"ಥೀಸಿಸ್‌ನಲ್ಲಿ ಬರಿ ಅದನ್ನ. ಫೋನ್ ಗೀನ್ ಮಾಡ್ಬೇಡ. ಎಥಿಕ್ಸ್ ಕಮಿಟಿಗೆ ಗೊತ್ತಾದ್ರೆ ಸ್ಟಡೀನೇ ನಿಲ್ಲಿಸ್ತಾರೆ. ನನ್ನ ಹೆಸರೂ ಇದೆ ಅದ್ರಲ್ಲಿ."

ಸಂಜೆ ಬಸ್ಸಿನಲ್ಲಿ ಅವಳಿಗೆ ಅಪ್ಪನ ತಂಗಿ ಕಾಶೀಬಾಯಿ ಅತ್ತೆ ನೆನಪಾದಳು. ಅತ್ತೆ ಯಾವತ್ತೂ ದುಃಖ ಎಂದವಳಲ್ಲ. "ಎದಿ ಮ್ಯಾಲ ಬೀಸೂಕಲ್ಲ ಇಟ್ಟಂಗ ಆಗೇತಿ" ಎನ್ನುತ್ತಿದ್ದಳು. ಡಾಕ್ಟರು ಗ್ಯಾಸಿನ ಗುಳಿಗೆ ಕೊಟ್ಟರು. ಮನೆಯವರು ಗುಳಿಗೆ ನುಂಗಿಸಿದರು. ಅತ್ತೆ ಮೆಲ್ಲಗೆ ಮಾತನ್ನೇ ಬಿಟ್ಟಳು. ಎದ್ದು ಇಳಿಯುವ ಹೊತ್ತಿಗೆ ನಿವೇದಿತಾಳ ಸ್ಟಾಪ್ ದಾಟಿ ಹೋಗಿತ್ತು.

ಮರುದಿನ ಬೆಳಿಗ್ಗೆ ಆಫೀಸಿಗೆ ಬಂದವಳೇ ಫೋನ್ ಮಾಡಿದಳು. ಆ ಕಡೆ ಗಾಳಿಯ ಸದ್ದು.

"ರೀಮ್, ಎದೆ ಹೇಗಿದೆ ಈಗ?"

ಅಳುವಿನ ಪ್ರಶ್ನೆಗೆ ಇಲ್ಲ ಎಂದಿದ್ದವಳು ಬಿಕ್ಕತೊಡಗಿದಳು.

"ಕಾಲುವೆಯ ಬಳಿ ಇದ್ದೀಯಲ್ಲ? ಅಲ್ಲೇ ಇರು. ಫೋನ್ ಇಡಬೇಡ. ಬಂದೆ."

ಭುವನ್ ಬಾಗಿಲಲ್ಲಿ ಅಡ್ಡ ನಿಂತ. "ನಿವೇದಿತಾ, ನಾನು ಸೂಪರ್‌ವೈಸರ್‌ಗೆ ಹೇಳ್ಲೇಬೇಕಾಗುತ್ತೆ."

"ಹೇಳೋ ಮಾರಾಯಾ! ನಿಂತ್ರ ನಿಲ್ಲಲಿ ಸ್ಟಡಿ. ಮೊದಲ ದಾರಿ ಬಿಡು!" ಬರ್ಮಿಂಗ್‌ಹ್ಯಾಮಿಗೆ ಬಂದ ಮೇಲೆ ಅವನೆದುರು ಅವಳ ಬಾಯಲ್ಲಿ ಊರಿನ ಮಾತು ಬಂದದ್ದು ಅದೇ ಮೊದಲು. ಅವನು ಪಕ್ಕಕ್ಕೆ ಸರಿದ.

ಕಾಲುವೆಯ ಸೇತುವೆಯ ಕೆಳಗೆ ರೀಮ್ ಇಟ್ಟಿಗೆ ಗೋಡೆಗೆ ಒರಗಿ ಕೂತಿದ್ದಳು. ಶೂಗಳನ್ನು ಕಳಚಿ ಪಕ್ಕದಲ್ಲಿ ಜೋಡಿಸಿಟ್ಟಿದ್ದಳು. ನಿವೇದಿತಾ ಏನನ್ನೂ ಕೇಳದೆ ಕುಕ್ಕರಗಾಲಲ್ಲಿ ಕೂತು ಅವಳಿಗೆ ಶೂ ತೊಡಿಸಿ, ಲೇಸ್ ಕಟ್ಟಿದಳು. ರೀಮ್ ಮಗುವಿನಂತೆ ಒಂದೊಂದೇ ಕಾಲು ಮುಂದೆ ಚಾಚಿದಳು.

ಬಡಾವಣೆಯ ಜಿಪಿ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿನ ಹೆಂಗಸು, "ಎರಡು ವಾರ ಯಾವ ಅಪಾಯಿಂಟ್‌ಮೆಂಟೂ ಇಲ್ಲ, ಡಿಯರ್" ಎನ್ನುತ್ತ ತಲೆ ಎತ್ತಿ ರೀಮ್‌ಳ ಮುಖ ನೋಡಿದಳು. ಮತ್ತೆ ನೋಡಿದಳು. "ಕೂತಿರಿ. ಹೇಗಾದರೂ ನಡುವೆ ಸೇರಿಸುತ್ತೇನೆ."

ಅವರು ಕಾದರು. ಕೆಮ್ಮುವ ಮುದುಕರು, ಅಳುವ ಕೂಸುಗಳ ನಡುವೆ ರೀಮ್‌ಳ ತಲೆ ಸ್ವಲ್ಪ ಸ್ವಲ್ಪವೇ ವಾಲಿ ನಿವೇದಿತಾಳ ಹೆಗಲ ಮೇಲೆ ಒರಗಿತು. ನಿದ್ದೆ ಹತ್ತಿ ಉಸಿರು ನಿಧಾನವಾಯಿತು. ನಿವೇದಿತಾಳ ಜೇಬಿನಲ್ಲಿ ಫೋನ್ ನಡುಗತೊಡಗಿತು. ಸೂಪರ್‌ವೈಸರ್ ಇರಬೇಕು. ಅದು ನಿಂತು, ಮತ್ತೆ ನಡುಗಿತು.

ಒಳಬಾಗಿಲು ತೆರೆದು ಡಾಕ್ಟರ್ ರೀಮ್‌ಳ ಹೆಸರನ್ನು ತಪ್ಪು ತಪ್ಪಾಗಿ ಕೂಗಿದರು. ನಿವೇದಿತಾ ಹೆಗಲು ಅಲುಗದಂತೆ ಇನ್ನೊಂದು ಕೈಯನ್ನು ಮೇಲೆತ್ತಿದಳು.